ಪರದೇಶದ ದಾರಿಗೆ ಮಾಜಿವಾಡಾದ ಪರೀಕ್ಷೆ

ವಿದೇಶ ಪ್ರವಾಸದ ಟಿಕೆಟು ಕೈಗೆ ಬಂದ ಮೇಲೆ ನಮ್ಮ ಡೊಂಬಿವಲಿ, ಕಲ್ಯಾಣ್, ಥಾಣೆಯ ಕನ್ನಡ ಮನೆಗಳಲ್ಲಿ ಏಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಮೊದಲು ವೀಸಾ, ಆಮೇಲೆ ವಿಮೆ, ಆಮೇಲೆ ಉಪ್ಪಿನಕಾಯಿ ಬಾಟಲಿಯನ್ನು ಯಾವ ಚೀಲದಲ್ಲಿ ಇಡುವುದು. ಕೊನೆಗೆ, ಅಲ್ಲಿ ಬಾಡಿಗೆ ಕಾರು ಓಡಿಸುವ ಯೋಚನೆ ಇದ್ದರೆ, "ದಾರಿ ತೋರಿಸೋ ಜಿಪಿಎಸ್ ಯಾವುದು ತಗೊಳ್ಳೋದು ಮಾರಾಯ್ರೇ?"

ಹತ್ತು ಹದಿನೈದು ವರ್ಷಗಳ ಹಿಂದೆ ಈ ಪ್ರಶ್ನೆ ಕೇಳುವವರು ವಿರಳ. ಮಗನ ಮನೆಗೆ ಹೋದ ಅಪ್ಪ ಅಮ್ಮ ಹಿಂದಿನ ಸೀಟಿನಲ್ಲಿ ಕೂತು ಊರು ನೋಡಿ ಬರುತ್ತಿದ್ದರು. ಈಗ ಕಾಲ ಬದಲಾಗಿದೆ. ಮಗ ಸೊಸೆ ಕೆಲಸಕ್ಕೆ ಹೋದರೆ ನಾವೇ ಹೋಗಿ ನೋಡಿಕೊಂಡು ಬರುತ್ತೇವೆ ಎನ್ನುವ ನಿವೃತ್ತರಿದ್ದಾರೆ. ಟೂರಿನವರ ಬಸ್ಸಿನಲ್ಲಿ ಹತ್ತು ದಿನಕ್ಕೆ ಏಳು ದೇಶ ಮುಗಿಸುವುದು ಬೇಡ ಎನ್ನುವ ನಡುವಯಸ್ಸಿನ ಸಂಸಾರಗಳಿವೆ. ಇವರಿಗೆಲ್ಲ ಮುಂದಿನ ಗಾಜಿನ ಹತ್ತಿರ ಕೂತು ಎಡ, ಬಲ ಹೇಳುವ ಒಂದು ದನಿ ಬೇಕು.

ಆ ದನಿಯನ್ನು ಅಂಗಡಿಯಲ್ಲಿ ಪರದೆಯ ಅಗಲ, ಬೆಲೆ, ರಿಯಾಯಿತಿ ನೋಡಿ ಆರಿಸಬಾರದು ಎನ್ನುವುದು ನನ್ನ ಅಭಿಪ್ರಾಯ. ನಮ್ಮ ಥಾಣೆ, ಡೊಂಬಿವಲಿ, ನವಿ ಮುಂಬಯಿಯ ರಸ್ತೆಗಳಲ್ಲೇ ಅದರ ಪರೀಕ್ಷೆ ಆಗಬೇಕು. ಇಲ್ಲಿ ಪಾಸಾಗದ್ದು ಅಲ್ಲಿ ನಮ್ಮನ್ನು ಕಾಯುತ್ತದೆ ಎಂದು ನಂಬುವುದು ಕಷ್ಟ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. "ಅಲ್ಲಿ ನೆಟ್ ಇರದಿದ್ದರೆ ಜಿಪಿಎಸ್ ಕೆಲಸ ಮಾಡುತ್ತದಾ?" ಎಂದು ಕೇಳುವವರು ಬಹಳ. ಉಪಗ್ರಹದ ಸಂಕೇತಕ್ಕೂ ಮೊಬೈಲ್ ಡೇಟಾಕ್ಕೂ ಸಂಬಂಧವಿಲ್ಲ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ ಸಮಯವನ್ನು ಬಿತ್ತರಿಸುತ್ತಿರುತ್ತವೆ. ನಮ್ಮ ಫೋನು ಅದನ್ನು ಕೇಳಿಸಿಕೊಳ್ಳುತ್ತದೆ ಅಷ್ಟೇ, ತಿರುಗಿ ಏನನ್ನೂ ಕಳುಹಿಸುವುದಿಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕುತ್ತದೆ. ಅದಕ್ಕೆ ಕಾಸು ಬೇಡ, ಸಿಮ್ಮೂ ಬೇಡ. ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೌ ಕೂಡ ಇದೇ ಕೆಲಸ ಮಾಡುತ್ತವೆ. ಈಗಿನ ಹೆಚ್ಚಿನ ಫೋನುಗಳು ಇವನ್ನೆಲ್ಲ ಒಟ್ಟಿಗೆ ಕೇಳಿಸಿಕೊಳ್ಳಬಲ್ಲವು.

ನಮ್ಮದೇ ನಾವಿಕ್ ಇದೆಯಲ್ಲ ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆ ಸರಿಯೇ. ಅದರ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಹಾಸನದ ಇಸ್ರೊ ನಿಯಂತ್ರಣ ಕೇಂದ್ರಕ್ಕೂ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿಗೂ ಈ ವ್ಯವಸ್ಥೆಯೊಂದಿಗೆ ನೇರ ನಂಟಿದೆ. ಆದರೆ ನಾವಿಕ್ ರೂಪಿಸಿರುವುದು ಭಾರತಕ್ಕೆ ಮತ್ತು ನಮ್ಮ ಗಡಿಯಿಂದ ಸುಮಾರು 1,500 ಕಿ.ಮೀ. ದೂರದವರೆಗಿನ ಪ್ರದೇಶಕ್ಕೆ. ಮ್ಯೂನಿಕ್ಕಿಗೋ ಮೆಲ್ಬರ್ನಿಗೋ ಹೋಗುವವರು "ನಾವಿಕ್ ಇದೆ" ಎಂಬ ಚೀಟಿ ನೋಡಿ ಫೋನು ಕೊಳ್ಳಬೇಕಾಗಿಲ್ಲ.

ಹಾಗಾದರೆ ತೊಡಕು ಎಲ್ಲಿ? ನಕ್ಷೆಯಲ್ಲಿ. ನೀವೆಲ್ಲಿದ್ದೀರಿ ಎಂದು ಉಪಗ್ರಹ ಹೇಳುತ್ತದೆ, ಅಲ್ಲಿ ರಸ್ತೆ ಇದೆಯೇ ಎಂದು ಹೇಳಬೇಕಾದದ್ದು ನಕ್ಷೆ. ಭಾರತದ ನಕ್ಷೆ ಮಾತ್ರ ತುಂಬಿರುವ ಉಪಕರಣ ವಿದೇಶದಲ್ಲಿ ನಿಮ್ಮ ಅಕ್ಷಾಂಶ ರೇಖಾಂಶ ತೋರಿಸೀತು, ಮುಂದಿನ ತಿರುವು ತೋರಿಸಲಾರದು. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಯಾವ ಕಂಪನಿ ಎನ್ನುವುದಲ್ಲ. ಆ ದೇಶದ ನಕ್ಷೆ ಯಾರದು, ಯಾವಾಗಿನದು, ನೆಟ್ ಇಲ್ಲದಾಗಲೂ ನನ್ನ ಕೈಯಲ್ಲಿ ಇರುತ್ತದೆಯೇ ಎನ್ನುವುದು.

ಇನ್ನು ಇರುವ ಆಯ್ಕೆಗಳು ಮೂರು. ಗಾರ್ಮಿನ್, ಟಾಮ್‌ಟಾಮ್‌ನಂಥ ಪ್ರತ್ಯೇಕ ಉಪಕರಣ. ಬಾಡಿಗೆ ಕಾರಿನಲ್ಲೇ ಇರುವ ಅಥವಾ ದಿನಬಾಡಿಗೆಗೆ ಕೊಡುವ ನ್ಯಾವಿಗೇಟರ್. ಮತ್ತೆ ನಮ್ಮ ಜೇಬಿನಲ್ಲೇ ಇರುವ ಫೋನು.

ಪ್ರತ್ಯೇಕ ಉಪಕರಣವನ್ನು ಹಳೆಯ ಕಾಲದ್ದೆಂದು ನಗುವವರ ಜೊತೆ ನಾನು ಸೇರುವುದಿಲ್ಲ. ಅದಕ್ಕೆ ಇರುವುದು ಒಂದೇ ಕೆಲಸ. ನಡುವೆ ಫೋನ್ ಕರೆ ಬಂದು ಪರದೆ ಮುಚ್ಚುವುದಿಲ್ಲ, ವಾಟ್ಸ್‌ಆ್ಯಪ್ ಸಂದೇಶ ಇಣುಕುವುದಿಲ್ಲ, ಬೇರೆಯವರು ಫೋಟೊ ತೆಗೆಯಲು ಅದನ್ನು ಕಿತ್ತುಕೊಂಡು ಹೋಗುವುದಿಲ್ಲ. ನಕ್ಷೆ ಅದರೊಳಗೇ ಇರುತ್ತದೆ. ಆದರೆ ಅದು ಖಂಡಕ್ಕೊಂದು ನಕ್ಷೆಯ ವ್ಯವಹಾರ. ಯುರೋಪಿಗೆಂದು ಕೊಂಡದ್ದನ್ನು ಮುಂದಿನ ವರ್ಷ ಅಮೆರಿಕಕ್ಕೆ ಒಯ್ಯಬೇಕಾದರೆ ಮತ್ತೆ ನಕ್ಷೆಗೆ ಹಣ ತೆರಬೇಕಾಗಬಹುದು. ಹದಿನೈದು ದಿನದ ಒಂದು ಪ್ರವಾಸಕ್ಕೆ ಅಷ್ಟು ಖರ್ಚು ಹೆಚ್ಚು. ಪ್ರತಿ ವರ್ಷ ಒಂದೇ ಖಂಡಕ್ಕೆ ಹೋಗಿ ತಿಂಗಳುಗಟ್ಟಲೆ ಇರುವವರು, ಮೊಬೈಲ್ ಟವರ್ ವಿರಳವಾದ ಪ್ರದೇಶಗಳಲ್ಲಿ ದೂರ ಓಡಿಸುವವರು ಕೊಂಡರೆ ನಷ್ಟವಿಲ್ಲ.

ಬಾಡಿಗೆ ಕಾರಿನ ನ್ಯಾವಿಗೇಟರ್ ಒಳ್ಳೆಯದೇ ಇರಬಹುದು, ಆದರೆ ಅದನ್ನು ನೀವು ನೋಡುವುದು ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿ, ರಾತ್ರಿಯಿಡೀ ನಿದ್ದೆಗೆಟ್ಟು ಇಳಿದ ಹೊತ್ತಿನಲ್ಲಿ. ಭಾಷೆ ಬದಲಿಸುವುದೆಲ್ಲಿ ಎಂದು ಹುಡುಕುವಷ್ಟರಲ್ಲಿ ಹಿಂದಿನ ಕಾರಿನವರು ಕಾಯುತ್ತಿರುತ್ತಾರೆ. ಮುಂಚೆ ಪರೀಕ್ಷಿಸಲಾಗದ ವಸ್ತುವನ್ನೇ ನೆಚ್ಚಿಕೊಂಡು ಮನೆಯಿಂದ ಹೊರಡುವುದು ಜಾಣತನವಲ್ಲ.

ಹೆಚ್ಚಿನವರಿಗೆ ಉಳಿಯುವುದು ಫೋನು. ಅದರಲ್ಲಿ ಒಂದಲ್ಲ, ಬೇರೆ ಬೇರೆ ಮೂಲದ ಎರಡು ನಕ್ಷೆಗಳನ್ನು ಮೊದಲೇ ಇಳಿಸಿಕೊಳ್ಳಬೇಕು. ಗೂಗಲ್ ಮ್ಯಾಪ್ಸ್ ನೆಟ್ ಇಲ್ಲದಾಗಲೂ ಕಾರಿನ ದಾರಿ ಹೇಳುತ್ತದೆ, ಆದರೆ ಆಗ ಟ್ರಾಫಿಕ್ ಮಾಹಿತಿ, ಪರ್ಯಾಯ ದಾರಿ, ಯಾವ ಲೇನಿನಲ್ಲಿ ಇರಬೇಕು ಎಂಬ ಸೂಚನೆ ಸಿಗುವುದಿಲ್ಲ. ಹಿಯರ್ ವಿಗೋ ದೇಶಕ್ಕೆ ದೇಶವನ್ನೇ ಇಳಿಸಿಕೊಡುತ್ತದೆ. ಆರ್ಗಾನಿಕ್ ಮ್ಯಾಪ್ಸ್ ಬಳಸುವುದು 2004ರಲ್ಲಿ ಶುರುವಾದ, ಸ್ವಯಂಸೇವಕರೇ ಕಟ್ಟುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು. ಒಂದು ತಪ್ಪಿದ ಕಡೆ ಇನ್ನೊಂದು ಸರಿಯಿರುವ ಸಾಧ್ಯತೆ ಇದೆ. ಎರಡೂ ಬೇರೆ ಬೇರೆ ಹೇಳಿದರೆ ನಿಧಾನಿಸಬೇಕು ಎಂಬ ಎಚ್ಚರಿಕೆಯೂ ಸಿಕ್ಕಂತಾಯಿತು.

ಈಗ ಪರೀಕ್ಷೆಯ ಮಾತು. ಡೊಂಬಿವಲಿಯಿಂದ ಶಿಲ್‌ಫಾಟಾ ದಾಟಿ ಮಹಾಪೆಗೆ ದಿನವೂ ಓಡಾಡುವವನಾಗಿ ಹೇಳುತ್ತೇನೆ, ನ್ಯಾವಿಗೇಟರನ್ನು ಸೋಲಿಸಲು ನಮ್ಮ ಭಾಗದ ರಸ್ತೆಗಳಿಗಿಂತ ಒಳ್ಳೆಯ ಅಖಾಡ ಇಲ್ಲ.

ಮೊದಲನೆಯದು, ಒಂದು ಭಾನುವಾರ ಬೆಳಿಗ್ಗೆ ಫೋನಿನ ಡೇಟಾ ಪೂರ್ತಿ ಆಫ್ ಮಾಡಿ ಡೊಂಬಿವಲಿಯಿಂದ ವಾಶಿಗೆ ಹೊರಡಿ. ಇಳಿಸಿಕೊಂಡ ನಕ್ಷೆಯಲ್ಲಿ ವಿಳಾಸ ಹುಡುಕಲು ಆಗುತ್ತದೆಯೇ ನೋಡಿ. ನಡುವೆ ಬೇಕೆಂದೇ ಒಂದು ತಿರುವು ತಪ್ಪಿಸಿ. ಡೇಟಾ ಇಲ್ಲದೆ ಹೊಸ ದಾರಿಯನ್ನು ಎಷ್ಟು ಬೇಗ ಲೆಕ್ಕ ಹಾಕುತ್ತದೆ ಎನ್ನುವುದೇ ಆ ಉಪಕರಣದ ನಿಜವಾದ ಯೋಗ್ಯತೆ. ಯುರೋಪಿನಲ್ಲಿ ಇದು ಬೇಕಾಗುತ್ತದೆ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದ ಒಂದು ದೇಶದ ಸಿಮ್ ಇನ್ನೊಂದರಲ್ಲೂ ಹೆಚ್ಚುವರಿ ರೋಮಿಂಗ್ ದರವಿಲ್ಲದೆ ನಡೆಯುತ್ತದೆ, ಆದರೆ ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ಗಡಿ ದಾಟಿದ ಕೂಡಲೇ ಡೇಟಾ ನಿಂತರೆ ಕಾರು ನಡುರಸ್ತೆಯಲ್ಲಿ ನಿಲ್ಲಬಾರದಲ್ಲ.

ಎರಡನೆಯದು ಮಾಜಿವಾಡಾ. ಮುಂಬಯಿಯಿಂದ ಬರುವ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ನಾಶಿಕ್ ಹೆದ್ದಾರಿ, ಘೋಡ್‌ಬಂದರ್ ರಸ್ತೆ ಮೂರೂ ಮಾಜಿವಾಡಾ, ಕಾಪುರ್‌ಬಾವಡಿಯ ಸುತ್ತ ಹೆಣೆದುಕೊಳ್ಳುತ್ತವೆ. ಮೇಲೊಂದು ರಸ್ತೆ, ಕೆಳಗೊಂದು ರಸ್ತೆ, ನಡುವೆ ಮೆಟ್ರೊ ಕಾಮಗಾರಿಯ ಕಂಬಗಳು. ಉಪಗ್ರಹದಿಂದ ಸಿಗುವ ಸ್ಥಾನದಲ್ಲಿ ಎತ್ತರದ ಲೆಕ್ಕ ಅಡ್ಡಳತೆಯಷ್ಟು ನಿಖರವಲ್ಲ. ಹಾಗಾಗಿ ನೀವು ಫ್ಲೈಓವರ್ ಮೇಲಿದ್ದೀರೋ ಕೆಳಗಿದ್ದೀರೋ ಎನ್ನುವುದು ಉಪಕರಣಕ್ಕೆ ಸುಲಭವಾಗಿ ತಿಳಿಯುವುದಿಲ್ಲ. ಒಳ್ಳೆಯದು ಮುಂಚೆಯೇ "ಫ್ಲೈಓವರ್ ಹತ್ತಿ" ಎನ್ನುತ್ತದೆ, ಕೆಟ್ಟದ್ದು ಹತ್ತಿಯಾದ ಮೇಲೆ "ಎಡಕ್ಕೆ ತಿರುಗಿ" ಎನ್ನುತ್ತದೆ. ಶಿಕಾಗೊದ ವ್ಯಾಕರ್ ಡ್ರೈವ್ ಒಂದರ ಮೇಲೊಂದು ಅಂತಸ್ತಿರುವ ರಸ್ತೆ, ಕೆಳ ಅಂತಸ್ತಿಗೆ ಇಳಿದರೆ ಆಕಾಶವೇ ಕಾಣದು. ಮಾಜಿವಾಡಾದಲ್ಲಿ ತಡವರಿಸಿದ್ದು ಅಲ್ಲಿ ಚುರುಕಾಗುತ್ತದೆ ಎಂದು ಎಣಿಸುವುದು ಹೇಗೆ?

ಮೂರನೆಯದು ಸುರಂಗ. ಸಮೃದ್ಧಿ ಮಹಾಮಾರ್ಗದ ಕೊನೆಯ ಭಾಗ, ಇಗತ್‌ಪುರಿಯಿಂದ ಭಿವಂಡಿ ತಾಲೂಕಿನ ಆಮಣೆವರೆಗೆ, 2025ರ ಜೂನ್‌ನಲ್ಲಿ ತೆರೆಯಿತು. ಕಲ್ಯಾಣದವರಿಗೆ ಇದು ಹತ್ತಿರ. ಇಗತ್‌ಪುರಿಯ ಬಳಿ ಸುಮಾರು 8 ಕಿ.ಮೀ. ಉದ್ದದ ಜೋಡಿ ಸುರಂಗ ಇದೆ. ಒಳಗೆ ಸಂಕೇತ ಕಳೆದುಕೊಂಡ ಉಪಕರಣ ಏನು ಮಾಡುತ್ತದೆ, ಹೊರಬಂದ ಮೇಲೆ ಎಷ್ಟು ಹೊತ್ತಿಗೆ ಸುಧಾರಿಸಿಕೊಳ್ಳುತ್ತದೆ ಗಮನಿಸಿ. ಸ್ವಿಟ್ಜರ್ಲೆಂಡಿನ ಗೊಟ್ಟಾರ್ಡ್ ರಸ್ತೆ ಸುರಂಗ 16.9 ಕಿ.ಮೀ., ನಾರ್ವೆಯ ಲೇರ್ಡಾಲ್ 24.5 ಕಿ.ಮೀ. ಇದೇ ಪ್ರಯಾಣದಲ್ಲಿ ನಕ್ಷೆಯ ವಯಸ್ಸೂ ತಿಳಿಯುತ್ತದೆ. ಆಮಣೆಯ ದಾರಿ ಗೊತ್ತಿಲ್ಲದ ನಕ್ಷೆ ಹಳೆಯದು. 2024ರ ಜನವರಿ 12ರಂದು ಉದ್ಘಾಟನೆಯಾದ 21.8 ಕಿ.ಮೀ. ಉದ್ದದ ಅಟಲ್ ಸೇತುವೂ ಗೊತ್ತಿಲ್ಲ ಎಂದರೆ ಇನ್ನೂ ಹಳೆಯದು. ಭಾರತದ ನಕ್ಷೆ ಹೊಸದಿದ್ದರೆ ಜರ್ಮನಿಯದ್ದೂ ಹೊಸದು ಎಂದಲ್ಲ, ಆದರೆ ಆ ಕಂಪನಿ ನಕ್ಷೆಯ ಬಗ್ಗೆ ಎಷ್ಟು ಕಾಳಜಿ ವಹಿಸುತ್ತದೆ ಎಂಬ ಅಂದಾಜು ಸಿಗುತ್ತದೆ.

ನಾಲ್ಕನೆಯದು ವಿಳಾಸ. ಸಿಡ್ಕೊ ಯೋಜಿಸಿ ಕಟ್ಟಿದ ನವಿ ಮುಂಬಯಿಯಲ್ಲಿ ನೋಡ್, ಸೆಕ್ಟರ್, ಪ್ಲಾಟ್ ಸಂಖ್ಯೆ ಹಾಕಿದರೆ ಮನೆ ಸಿಗುತ್ತದೆ. ಆದರೆ ಸೆಕ್ಟರ್ 10 ಎಂದಷ್ಟೇ ಬರೆದರೆ ವಾಶಿಯದ್ದೋ ನೆರೂಲಿನದ್ದೋ ಎಂದು ಕೇಳಬೇಕು. ಡೊಂಬಿವಲಿಯಲ್ಲಿ ಪೂರ್ವ, ಪಶ್ಚಿಮ ತಪ್ಪಿದರೆ ರೈಲು ಹಳಿಯ ಆಚೆಗೆ ಹೋಗಿ ಕೋಪರ್ ಅಥವಾ ಠಾಕುರ್ಲಿ ಸೇತುವೆಯಲ್ಲಿ ಸಾಲು ನಿಂತು ವಾಪಸು ಬರಬೇಕು. ಹೊರದೇಶದಲ್ಲಿ ಈ ತಪ್ಪಿನ ದೂರ ಇನ್ನೂ ಹೆಚ್ಚು. 2009ರಲ್ಲಿ ಸ್ವೀಡನ್ನಿನ ದಂಪತಿ ಇಟಲಿಯ ಕ್ಯಾಪ್ರಿ ದ್ವೀಪಕ್ಕೆ ಹೊರಟು, ಅಕ್ಷರ ಹಿಂದುಮುಂದಾಗಿ ಉತ್ತರ ಇಟಲಿಯ ಕಾರ್ಪಿ ಪಟ್ಟಣ ತಲುಪಿದ್ದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಜರ್ಮನಿಯಲ್ಲಿ ಮೈನ್ ನದಿಯ ಮೇಲೊಂದು ಫ್ರಾಂಕ್‌ಫರ್ಟ್, ಓಡರ್ ನದಿಯ ಮೇಲೊಂದು ಫ್ರಾಂಕ್‌ಫರ್ಟ್. ಹೋಟೆಲಿನ ಹೆಸರು ಹಾಕುವುದಕ್ಕಿಂತ ಪಿನ್‌ಕೋಡ್ ಸಮೇತ ವಿಳಾಸ ಹಾಕುವ ಅಭ್ಯಾಸ ಒಳ್ಳೆಯದು. ಜಪಾನಿನಲ್ಲಿ ಇನ್ನೂ ಸುಲಭ, ಅಲ್ಲಿನ ಕಾರುಗಳ ನ್ಯಾವಿಗೇಟರಿಗೆ ಹೋಟೆಲಿನ ಫೋನ್ ನಂಬರನ್ನೇ ಕೊಡಬಹುದು.

ಐದನೆಯದು ಬಿಸಿಲು. ಮೇ ತಿಂಗಳ ಮಧ್ಯಾಹ್ನ ಗಾಜಿನ ಹಿಂದೆ ಚಾರ್ಜಿಗೆ ಹಾಕಿದ ಫೋನು ಕಲ್ಯಾಣ್ ಶಿಲ್ ರಸ್ತೆಯ ಟ್ರಾಫಿಕ್ಕಿನಲ್ಲಿ ಕಾದು ಆಫ್ ಆದರೆ, ದುಬೈಯಲ್ಲಿ ಏನಾದೀತು ಎಂದು ಬೇರೆ ಹೇಳಬೇಕಿಲ್ಲ. ಎ.ಸಿ. ಗಾಳಿ ತಾಗುವ ಕಡೆ ಸಿಕ್ಕಿಸುವ ಸ್ಟ್ಯಾಂಡು, ಒಳ್ಳೆಯ ಕಾರ್ ಚಾರ್ಜರು ಕೊಳ್ಳಿ. ಗಾಜಿಗೆ ಅಂಟಿಸುವ ಮುಂಚೆ ಅಲ್ಲಿನ ನಿಯಮ ನೋಡಿ. ಕ್ಯಾಲಿಫೋರ್ನಿಯದಲ್ಲಿ ಗಾಜಿನ ಮೇಲೆ ಎಲ್ಲಿ ಎಷ್ಟು ಜಾಗ ಬಳಸಬಹುದು ಎಂದು ಕಾನೂನೇ ಹೇಳುತ್ತದೆ. ಬ್ರಿಟನ್ನಿನಲ್ಲಿ ಓಡಿಸುತ್ತಾ ಫೋನು ಕೈಯಲ್ಲಿ ಹಿಡಿದರೆ 200 ಪೌಂಡ್ ದಂಡ.

ನಿಯಮಗಳ ಮಾತು ಬಂದದ್ದರಿಂದ ಇನ್ನೆರಡು ಹೇಳಬೇಕು, ಏಕೆಂದರೆ ಇವು ಉಪಕರಣದ ಆಯ್ಕೆಗೇ ಸಂಬಂಧಿಸಿದ್ದು. ವೇಗದ ಕ್ಯಾಮೆರಾ ಎಲ್ಲಿದೆ ಎಂದು ಎಚ್ಚರಿಸುವುದು ನಮ್ಮಲ್ಲಿ ದೊಡ್ಡ ಸೌಲಭ್ಯವೆಂದು ಮಾರಾಟವಾಗುತ್ತದೆ. ಜರ್ಮನಿಯಲ್ಲಿ ಚಾಲಕ ಅದನ್ನು ಬಳಸುವುದು ಅಪರಾಧ, ಸ್ವಿಟ್ಜರ್ಲೆಂಡಿನಲ್ಲೂ ನಿಷೇಧವಿದೆ. ಫ್ರಾನ್ಸಿನಲ್ಲಿ ನಿಖರ ಜಾಗ ಹೇಳುವಂತಿಲ್ಲ, "ಅಪಾಯದ ವಲಯ" ಎಂದಷ್ಟೇ ಹೇಳಬಹುದು. ಆ ಸೌಲಭ್ಯವನ್ನು ಆಫ್ ಮಾಡಲು ಬರುತ್ತದೆಯೇ ಎಂದು ಕೊಳ್ಳುವ ಮುಂಚೆ ನೋಡಿ. ಇನ್ನೊಂದು, ಇಟಲಿಯ ಹಳೆಯ ಪಟ್ಟಣಗಳ ನಡುಭಾಗದಲ್ಲಿ ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲದ ವಲಯಗಳಿವೆ. ಹತ್ತಿರದ ದಾರಿ ಎಂದು ಉಪಕರಣ ಒಳಗೆ ಕಳುಹಿಸಿದರೆ ಕ್ಯಾಮೆರಾ ನಂಬರ್ ಪ್ಲೇಟು ಹಿಡಿಯುತ್ತದೆ, ದಂಡದ ಚೀಟಿ ಬಾಡಿಗೆ ಕಂಪನಿಯ ಮೂಲಕ ತಿಂಗಳುಗಳ ನಂತರ ಇಲ್ಲಿನ ಮನೆಗೇ ಬರಬಹುದು. ಉಪಕರಣ ಹೇಳಿತು ಎಂಬ ಸಬೂಬು ಅಲ್ಲಿ ನಡೆಯುವುದಿಲ್ಲ.

ಒಂದೇ ಆ್ಯಪ್ ಎಲ್ಲ ದೇಶಕ್ಕೂ ಸಾಕು ಎಂಬ ನಂಬಿಕೆಯೂ ಸರಿಯಲ್ಲ. ದಕ್ಷಿಣ ಕೊರಿಯಾ ತನ್ನ ಸವಿವರ ನಕ್ಷೆಯನ್ನು ದೇಶದ ಹೊರಗೆ ಕಳುಹಿಸಲು ವರ್ಷಗಟ್ಟಲೆ ಒಪ್ಪದೆ ಇದ್ದುದರಿಂದ ಅಲ್ಲಿ ಗೂಗಲ್ ಕಾರಿನ ದಾರಿ ಹೇಳುತ್ತಿರಲಿಲ್ಲ. ಅಲ್ಲಿನವರು ನೇವರ್, ಕಾಕಾವೊ ನಕ್ಷೆಗಳನ್ನೇ ಬಳಸುತ್ತಾ ಬಂದಿದ್ದಾರೆ. ಹೋಗುವ ದೇಶದಲ್ಲಿ ಸ್ಥಳೀಯರು ಏನು ಬಳಸುತ್ತಾರೆ ಎಂದು ಅಲ್ಲಿರುವ ಒಬ್ಬರನ್ನು ಕೇಳಿ. ಕನ್ನಡದವರಿಲ್ಲದ ದೇಶ ಈಗ ಯಾವುದಿದೆ?

ಕನ್ನಡ ಎಂದಾಗ ನೆನಪಾಯಿತು. ಗೂಗಲ್ ಮ್ಯಾಪ್ಸ್ 2018ರಿಂದ ಕನ್ನಡದಲ್ಲೂ ದಾರಿ ಹೇಳುತ್ತದೆ. ಊರಿಗೆ ಹೋಗುವಾಗ ಅದು ಚೆನ್ನ. ವಿದೇಶದಲ್ಲಿ ಮಾತ್ರ ಇಂಗ್ಲಿಷ್ ದನಿಯನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ. ಫಲಕದಲ್ಲಿ ಬರೆದಿರುವ ಹೆಸರಿಗೂ ಕಿವಿಗೆ ಬೀಳುವ ಹೆಸರಿಗೂ ತಾಳೆಯಾಗಬೇಕು. ಜರ್ಮನಿಯ ಹೆದ್ದಾರಿಯಲ್ಲಿ ಮತ್ತೆ ಮತ್ತೆ ಕಾಣುವ "ಔಸ್‌ಫಾರ್ಟ್" ಎಂಬುದು ಊರಿನ ಹೆಸರಲ್ಲ, ಹೊರದಾರಿ. ಇಂಥ ನಾಲ್ಕು ಪದ ಕಲಿತು ಹೋದರೆ ಎಷ್ಟೋ ದುಬಾರಿ ಉಪಕರಣಕ್ಕೆ ಸಮ.

ಇಷ್ಟೆಲ್ಲ ಹೇಳಿದ್ದರ ಹಿಂದೆ ಒಂದು ಗಂಭೀರ ಕಾರಣವಿದೆ. 2025ರ ಜುಲೈನಲ್ಲಿ ನಮ್ಮ ಬೇಲಾಪುರದಲ್ಲೇ, ಉಲ್ವೆ ಕಡೆಗೆ ಹೊರಟಿದ್ದ ಮಹಿಳೆಯೊಬ್ಬರು ನಡುರಾತ್ರಿಯಲ್ಲಿ ಮ್ಯಾಪ್ ನೋಡುತ್ತಾ ಸೇತುವೆ ಹತ್ತುವ ಬದಲು ಅದರ ಕೆಳಗಿನ ದಾರಿ ಹಿಡಿದರು. ಕಾರು ಧ್ರುವತಾರಾ ಜೆಟ್ಟಿಯಿಂದ ಖಾಡಿಗೆ ಬಿತ್ತು. ಸಾಗರ ಭದ್ರತಾ ಪೊಲೀಸರು ಹತ್ತಿರದಲ್ಲೇ ಇದ್ದುದರಿಂದ ಜೀವ ಉಳಿಯಿತು. 2024ರ ಜೂನ್‌ನಲ್ಲಿ ಕಾಸರಗೋಡಿನ ಪಳ್ಳಂಚಿಯಲ್ಲಿ, ಕರ್ನಾಟಕದ ಆಸ್ಪತ್ರೆಗೆಂದು ಹೊರಟ ಇಬ್ಬರು ಯುವಕರ ಕಾರು ಮ್ಯಾಪ್ ತೋರಿಸಿದ ದಾರಿಯಲ್ಲೇ ತುಂಬಿ ಹರಿಯುವ ಹೊಳೆಗೆ ಇಳಿಯಿತು, ಮರ ಹಿಡಿದು ಬದುಕಿದರು. ಅದೇ ವರ್ಷದ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿ ಅಪೂರ್ಣ ಸೇತುವೆಯಿಂದ ರಾಮಗಂಗಾ ನದಿಗೆ ಕಾರು ಬಿದ್ದು ಮೂವರು ಉಳಿಯಲಿಲ್ಲ. ಅಲ್ಲಿ ತಡೆಗೋಡೆ ಇಡದವರ ಹೊಣೆ ಸಣ್ಣದಲ್ಲ. ಅದನ್ನು ಮ್ಯಾಪಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಆದರೂ ಸ್ಟೀರಿಂಗ್ ಹಿಡಿದವರು ಕಲಿಯಬೇಕಾದದ್ದು ಒಂದಿದೆ. ಪರದೆ ಒಂದು ಹೇಳಿ, ಎದುರಿನ ಗಾಜಿನಲ್ಲಿ ಇನ್ನೊಂದು ಕಂಡರೆ, ನಂಬಬೇಕಾದದ್ದು ಗಾಜನ್ನು.

ಮನೆಯ ರಸ್ತೆಯಲ್ಲಿ ಈ ವಿವೇಕ ತಾನಾಗಿ ಬರುತ್ತದೆ. ಮ್ಯಾಪ್ ಏನೇ ಹೇಳಲಿ, ಮಳೆಗಾಲದಲ್ಲಿ ಯಾವ ಕೆಳಸೇತುವೆಯಲ್ಲಿ ನೀರು ನಿಲ್ಲುತ್ತದೆ ಎಂದು ಗೊತ್ತಿರುವವರು ಅತ್ತ ಹೋಗುವುದಿಲ್ಲ. ಗುರುತಿಲ್ಲದ ದೇಶದಲ್ಲಿ, ಬಲಗಡೆಯಲ್ಲಿ ಓಡಿಸುತ್ತಾ, ಎಡಕ್ಕಿರುವ ಸ್ಟೀರಿಂಗ್ ಹಿಡಿದವರ ತಲೆಯಲ್ಲಿ ಆ ಜ್ಞಾನಕ್ಕೆ ಜಾಗವೇ ಇರುವುದಿಲ್ಲ. ಆಗ ದನಿ ಹೇಳಿದ್ದೇ ವೇದವಾಗುತ್ತದೆ. ಆದ್ದರಿಂದ ಪಕ್ಕದ ಸೀಟಿನಲ್ಲಿ ಕೂರುವವರಿಗೂ ತರಬೇತಿ ಬೇಕು. ಪರದೆ ನೋಡುವ ಕೆಲಸ ಅವರದ್ದು, ರಸ್ತೆ ನೋಡುವ ಕೆಲಸ ಓಡಿಸುವವರದ್ದು. ಮಾಜಿವಾಡಾದ ಪರೀಕ್ಷೆಗೆ ಗಂಡ ಹೆಂಡತಿ ಇಬ್ಬರೂ ಹೋಗಬೇಕು ಎನ್ನುವುದು ಅದಕ್ಕೇ. ಹಿಂದಿನ ರಾತ್ರಿ ಮರುದಿನದ ದಾರಿಯನ್ನು ಒಮ್ಮೆ ನೋಡಿ, ದೊಡ್ಡ ಊರುಗಳ ಹೆಸರು, ಹೆದ್ದಾರಿಯ ನಂಬರು, ಇಳಿಯುವ ಎಕ್ಸಿಟ್ಟಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಚೀಟಿಗೆ ಬ್ಯಾಟರಿ ಬೇಡ.

ಮೊದಲ ಸಲ ಹೋಗುವವರಿಗೆ ಇನ್ನೊಂದು ಸಲಹೆ. ನಮ್ಮಂತೆ ಎಡಬದಿಯಲ್ಲಿ ಓಡಿಸುವ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್, ಮಲೇಷ್ಯಾಗಳಲ್ಲಿ ದನಿಯನ್ನು ಕೇಳಲು ತಲೆ ಸ್ವಲ್ಪ ಬಿಡುವಾಗಿರುತ್ತದೆ. ಬ್ರಿಟನ್ನಿನಲ್ಲಿ ದೂರ ಮೈಲಿಯಲ್ಲಿರುತ್ತದೆ, ಫಲಕ ಮತ್ತು ಉಪಕರಣ ಎರಡೂ ಒಂದೇ ಅಳತೆಯಲ್ಲಿ ಮಾತಾಡುವಂತೆ ಮಾಡಿಕೊಳ್ಳಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ನಮ್ಮ ಆರ್‌ಟಿಒಗಳಲ್ಲೇ ಸಿಗುತ್ತದೆ. ಥಾಣೆಯವರಿಗೆ ಎಂಎಚ್ 04ರ ಕಚೇರಿ, ಡೊಂಬಿವಲಿ ಕಲ್ಯಾಣದವರಿಗೆ 05, ನವಿ ಮುಂಬಯಿಯವರಿಗೆ 43. ಅವಧಿ ಹೆಚ್ಚೆಂದರೆ ಒಂದು ವರ್ಷ. ಎಷ್ಟೇ ಒಳ್ಳೆಯ ನ್ಯಾವಿಗೇಟರ್ ಇದ್ದರೂ ಅದನ್ನು ಕೇಳುವ ದೇಶದಲ್ಲಿ ಆ ಕಾಗದವಿಲ್ಲದೆ ಕಾರಿನ ಕೀಲಿ ಕೈಗೆ ಸಿಗುವುದಿಲ್ಲ.

ಒಟ್ಟಿನಲ್ಲಿ ಒಂದು ಪ್ರವಾಸಕ್ಕಾದರೆ ಇರುವ ಫೋನು, ಇಳಿಸಿಕೊಂಡ ಎರಡು ನಕ್ಷೆ, ಗಟ್ಟಿಯಾದ ಸ್ಟ್ಯಾಂಡು, ಒಂದು ಚೀಟಿ. ವರ್ಷವರ್ಷವೂ ಹೋಗುವವರಾದರೆ ಆ ಖಂಡದ ನಕ್ಷೆಯಿರುವ ಪ್ರತ್ಯೇಕ ಉಪಕರಣ. ಯಾವುದೇ ಆದರೂ ವಿಮಾನ ಹತ್ತುವ ತಿಂಗಳ ಮೊದಲೇ ಅದನ್ನು ಶಿಲ್‌ಫಾಟಾದಲ್ಲಿ ದಾರಿ ತಪ್ಪಿಸಿ ನೋಡಿ. ನಮಗೆ ದಾರಿ ಗೊತ್ತಿರುವ ಜಾಗದಲ್ಲಿ ಮಾತ್ರ ಅದರ ತಪ್ಪು ನಮಗೆ ಕಾಣುತ್ತದೆ.